ಕೂಗಿ ಹೇಳಿದ ಅಳತೆ

ನನ್ನದು ಮೊದಲಿಂದಲೂ ದೊಡ್ಡ ಬಾಯಿ. ಶಾಲೆಗಳಿಗೆ ಹೋಗಿ ಯೂನಿಫಾರಂ ಅಳತೆ ತೆಗೆಯುವಾಗ ನಾನು ಟೇಪು ಹಿಡಿದು ಕೂಗುತ್ತೇನೆ, ಆಚೆ ಬೆಂಚಿನಲ್ಲಿ ಕೂತು ತಂಗಿ ಬರೆದುಕೊಳ್ಳುತ್ತಾಳೆ.

ಹೋದ ವರ್ಷ ಉಯ್ಯಂಬಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ, ಎಂಟನೇ ಕ್ಲಾಸಿನ ದಪ್ಪನೆಯ ಹುಡುಗಿಯೊಬ್ಬಳು, "ಆಂಟಿ, ಒಸಿ ಮೆತ್ತಗೆ ಹೇಳಿ" ಅಂದಳು. ಇನ್ನೂ ಎಷ್ಟೋ ಮಕ್ಕಳು ಸಾಲಿನಲ್ಲಿದ್ದರು. "ಸೊಂಟ ನಲವತ್ತು" ಎಂದು ಎಂದಿನಂತೆ ಕೂಗಿದೆ. ಸಾಲೆಲ್ಲ ನಕ್ಕಿತು. ನಾನೂ ನಕ್ಕೆ.

ಈ ವರ್ಷ ಮತ್ತೆ ಅಲ್ಲಿಗೇ ಹೋದೆ. ಸಾಲಿನಲ್ಲಿ ಯಾರೋ, "ಏಯ್ ನಲವತ್ತು, ನಿನ್ ಸರದಿ ಕಣೇ, ಹೋಗು" ಅಂದರು. ಮುಂದೆ ಬಂದವಳು ಅದೇ ಹುಡುಗಿ. ಆ ಹೆಸರಿಟ್ಟವಳು ನಾನೇ ಎಂದು ಆಗ ಹೊಳೆಯಿತು. ಅವಳ ಮುಖ ಬತ್ತಿಹೋಗಿತ್ತು. ಟೇಪು ಸುತ್ತಿದರೆ ಮೂವತ್ತೆರಡು.

"ಸರಿಯಾಗಿ ಊಟ ಮಾಡ್ತಿಲ್ವೇನವ್ವಾ?" ಎಂದು ಮೆಲ್ಲಗೆ ಕೇಳಿದೆ.

"ಮಧ್ಯಾನದ್ದು ಬುಟ್ಬುಟ್ಟಿವ್ನಿ ಆಂಟಿ. ಈ ಸಲ ಜೋರಾಗೇ ಕೂಗಿ, ಎಲ್ರಿಗೂ ಕೇಳ್ಲಿ."

ತಂಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ನಡೆದು ಹೋಗಿ ಅವಳ ಕಿವಿಯಲ್ಲಿ ಹೇಳಿ ಬಂದೆ.

ಆ ಬೆಂಚು ಇದ್ದದ್ದು ನಾಲ್ಕೇ ಹೆಜ್ಜೆ ದೂರದಲ್ಲಿ.