ಫಲಕದ ಮೂಲೆಯ ಹೆಸರು

ಸರ್ಕಾರಿ ಕಚೇರಿಯ ಬೋರ್ಡುಗಳನ್ನೆಲ್ಲ ಬರೆಯುತ್ತಿದ್ದವನನ್ನು ಜನ ಬಣ್ಣದಣ್ಣ ಎಂದೇ ಕರೆಯುತ್ತಿದ್ದರು. ಸಾಹೇಬರಿಗೆ ವರ್ಗವಾದಾಗಲೆಲ್ಲ ಬಾಗಿಲ ಮೇಲಿನ ಹೆಸರು ಬದಲಿಸುವುದು ಅವನ ಕೆಲಸ. ವರ್ಗಾವಣೆಗೆ ಬರವಿಲ್ಲದ ಕಚೇರಿಯಾದ್ದರಿಂದ ಅವನ ಕುಂಚ ಒಣಗಿದ್ದೇ ಇಲ್ಲ. ಏನು ಬರೆದರೂ ಕೆಳಗೆ ಬಲಮೂಲೆಯಲ್ಲಿ ಪುಟ್ಟದಾಗಿ ‘ಬಣ್ಣದಣ್ಣ’ ಎಂದು ಹಾಕದಿದ್ದರೆ ಅವನಿಗೆ ಉಂಡ ಅನ್ನ ಅರಗದು. ‘ಶೌಚಾಲಯ’ದ ಕೆಳಗೂ ಅದೇ ಹೆಸರು! ಅದೇ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಡತಿ ಎಷ್ಟು ಆಡಿಕೊಂಡರೂ ಚಟ ಬಿಡಲಿಲ್ಲ.

ಹೀಗಿರುವಾಗ ಖರ್ಚು ಇಳಿಸಲೆಂದು ಉಳಿತಾಯ ಸಮಿತಿ ಹುಟ್ಟಿತು. ಸಮಿತಿಗೆ ಹೊಸ ಕೋಣೆ, ಹೊಸ ಕುರ್ಚಿ, ತಣ್ಣಗೆ ಯೋಚಿಸಲು ಎರಡು ಏಸಿ. ಉಳಿತಾಯವೆಂದರೆ ಸುಮ್ಮನೆಯೇ?

“ಎಲ್ಲಾ ಪಾರದರ್ಶಕವಾಗಿರ್ಬೇಕು ಕಣಯ್ಯ,” ಎಂದರು ಸಮಿತಿಯ ಸಾಹೇಬರು. “ಏನೇನು ಕಡಿತ ಮಾಡಿದ್ವಿ ಅಂತ ಗೇಟಿನ ಹತ್ರ ದೊಡ್ಡದಾಗಿ ಬರಿ. ಯಾರು ಜವಾಬ್ದಾರರು ಅನ್ನೋದೂ ಜನಕ್ಕೆ ಕಾಣ್ಬೇಕು.”

“ಯಾರ ಹೆಸರು ಹಾಕ್ಲಿ ಸಾರ್?”

“ಅದನ್ನ ಆಮೇಲೆ ನೋಡೋಣ.”

ಬರೆಸಿದ ಮೊದಲ ಸಾಲೇ ‘ಕಸ ಗುಡಿಸುವವರ ಹುದ್ದೆ ರದ್ದು’. ಅಂದರೆ ಹೆಂಡತಿಯ ಕೆಲಸವೂ ಹೋದಂತೆಯೇ. ಕೇಳಲು ಬಾಯಿ ತೆರೆದವನು, ತನ್ನ ಅನ್ನಕ್ಕೂ ಕಲ್ಲು ಬಿದ್ದೀತೆಂದು ಮುಚ್ಚಿಕೊಂಡ. ಮನೆಯಲ್ಲೂ ತುಟಿಪಿಟಕ್ಕೆನ್ನಲಿಲ್ಲ. ಹೆಂಡತಿಗೆ ಸುದ್ದಿ ತಿಳಿದದ್ದು ಮರುದಿನ ಕೆಲಸಕ್ಕೆಂದು ಗೇಟಿಗೆ ಬಂದಾಗ, ಊರವರೆಲ್ಲರ ಜೊತೆಗೆ.

ಅಷ್ಟು ದೊಡ್ಡ ಫಲಕದಲ್ಲಿ ಇದ್ದ ಹೆಸರು ಮೂಲೆಯದೊಂದೇ. ಜನ ಅವನನ್ನೇ ಮುತ್ತಿಕೊಂಡರು. ಆಸ್ಪತ್ರೆಯ ಬಸ್ಸು ಯಾಕೆ ನಿಲ್ಲಿಸಿದೆ, ಬೀದಿದೀಪ ಯಾಕೆ ಆರಿಸಿದೆ ಎಂದು ಜಬರಿಸಿದರು. ಬೆವರೊರೆಸಿಕೊಂಡು ಸಾಹೇಬರ ಬಳಿ ಓಡಿದ. ಅವರಿಗೋ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು.

“ಹೆಸರು ನೀನೇ ಹಾಕ್ಕೊಂಡಿದೀಯಲ್ಲಪ್ಪ!” ಎಂದವರೇ ಗೇಟಿನ ಪಕ್ಕ ಅವನಿಗೊಂದು ಮೇಜು, ಕುರ್ಚಿ ಹಾಕಿಸಿಬಿಟ್ಟರು.

ಮೊದಮೊದಲು ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಿದ್ದ. ಆದರೆ ಕುರ್ಚಿಯ ಗುಣವೇ ಬೇರೆ. ಕೆಲವೇ ದಿನಗಳಲ್ಲಿ ಕಾಲ ಮೇಲೆ ಕಾಲು ಬಂತು, ‘ಪರಿಶೀಲಿಸೋಣ’ ಎಂಬ ಮಾತೂ ಬಂತು.

ಒಂದು ದಿನ ಸರದಿಯಲ್ಲಿ ಹೆಂಡತಿಯೇ ನಿಂತಿದ್ದಳು.

“ನನ್ನ ಕೆಲಸ ಯಾಕೆ ತೆಗೆದ್ರಿ?”

“ನಂಗೇನು ಗೊತ್ತು? ಅವರು ಹೇಳಿದ್ದನ್ನ ಬರೆದೆ ಅಷ್ಟೆ.”

“ಒಳಗಿರೋ ಸಾಹೇಬ್ರೂ ಅದನ್ನೇ ಅಂದ್ರು. ಅವರಿಗೆ ಮೇಲಿನವರು ಹೇಳಿದ್ರಂತೆ. ಹೋಗ್ಲಿ, ನಿಮಗೆ ಮೊದಲೇ ಗೊತ್ತಿತ್ತಲ್ಲ, ಮನೇಲಿ ಯಾಕೆ ಹೇಳ್ಲಿಲ್ಲ?”

ನಾಚಿಕೆಯಿಂದ ಅವನ ಮುಖ ಕಪ್ಪಿಟ್ಟಿತು. ಹಿಂದೆ ನಿಂತವರೆಲ್ಲ ಕಿವಿ ನಿಮಿರಿಸಿದ್ದರು. ಅವನು ಕುರ್ಚಿ ಕಲಿಸಿದ್ದನ್ನೇ ಹೇಳಿದ.

“ನಾಳೆ ಬಾಮ್ಮ.”

ಅವಳು ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು.

“ಆಯ್ತು. ನೀವೂ ಮನೆಗೆ ನಾಳೆನೇ ಬನ್ನಿ.”