ಇದ್ದಿಲ ಬಸ್ಸಿನ ಡ್ರೈವರಣ್ಣ

ನಮ್ಮ ಡ್ರೈವರಣ್ಣನಿಗೆ ಹುಬ್ಬು ಇರಲಿಲ್ಲ. ಹುಟ್ಟಿನಿಂದ ಹಾಗಲ್ಲ. ಬಸ್ಸಿನ ಹಿಂದೆ ಕಟ್ಟಿದ್ದ ಇದ್ದಿಲಿನ ಪೀಪಾಯಿಯ ಮುಚ್ಚಳ ತೆಗೆದಾಗಲೆಲ್ಲ ಬೆಂಕಿ ಭಗ್ಗೆಂದು ಎದ್ದು ಅವನ ಮುಖ ಸವರಿ ಹೋಗುತ್ತಿತ್ತು. ಚಿಗುರಿದ ಹುಬ್ಬು ಮತ್ತೆ ಸುಡುತ್ತಿತ್ತು. ಹುಬ್ಬಿಲ್ಲದ ಆ ಮುಖಕ್ಕೆ ಸದಾ ಯಾವುದೋ ಸುದ್ದಿ ಕೇಳಿ ಬೆರಗಾದ ಕಳೆ. ಒಂದು ಮಧ್ಯಾಹ್ನ ಅವನು ಸೀಟಿನ ಮೇಲೆ ನಿದ್ದೆ ಹೋಗಿದ್ದಾಗ ಅದೇ ಇದ್ದಿಲಿನ ಚೂರಿನಿಂದ ನಾನು ಎರಡು ಹುಬ್ಬು ಬರೆದುಬಿಟ್ಟೆ. ಅಂಕೋಲೆಯಿಂದ ಕಾರವಾರದವರೆಗೆ ಜನ ನಕ್ಕರು. ಕೊನೆಗೆ ಕನ್ನಡಿ ನೋಡಿಕೊಂಡವನು, "ಎಡಗಡೇದು ಸ್ವಲ್ಪ ಸೊಟ್ಟ ಆಗಿದೆ ತಮಾ" ಅಂದ, ಅಷ್ಟೇ. ಸಿಟ್ಟು ಮಾಡುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ನಾನು ಆ ಬಸ್ಸಿನ ಕಂಡಕ್ಟರು. ನನ್ನಂಥ ಕಂಡಕ್ಟರು ಆ ರಸ್ತೆಯಲ್ಲಿ ಮುಂಚೆ ಇರಲಿಲ್ಲ, ಆಮೇಲೂ ಬರಲಿಲ್ಲ. ಇದನ್ನು ಬೇರೆಯವರು ಹೇಳಬೇಕಿತ್ತು, ಹೇಳುವವರೆಲ್ಲ ಸತ್ತುಹೋದರು. ಪೀಪಾಯಿಯಲ್ಲಿ ಅರಿಶಿನ ಎಲೆಯ ಸಿಹಿ ಕಡುಬು, ಪಾತೊಳಿ, ಬೇಯುತ್ತಿದೆ, ಕಾರವಾರ ಮುಟ್ಟಿದ ಮೇಲೆ ಹಂಚುತ್ತಾರೆ ಎಂದು ಒಬ್ಬ ಅಜ್ಜಿಯನ್ನು ನಂಬಿಸಿ ದಾರಿಯುದ್ದ ಕಾಯಿಸಿದವನು ನಾನು. ಇಳಿದ ಮೇಲೆ ಆ ಅಜ್ಜಿಗೆ ಹೋಟೆಲಿನಿಂದ ತಿಂಡಿ ಕೊಡಿಸಿದವನು ಡ್ರೈವರಣ್ಣ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಪೆಟ್ರೋಲಿನ ಖರ್ಚು ತಾಳಲಾರದೆ ನಮ್ಮ ಸಾವಕಾರರು ಬಸ್ಸನ್ನು ಇದ್ದಿಲಿನ ಗ್ಯಾಸಿಗೆ ತಿರುಗಿಸಲು ಹೇಳಿದರು. ಡ್ರೈವರಣ್ಣನಿಗೆ ಮನಸ್ಸಿರಲಿಲ್ಲ. "ಅನ್ನ ಉಂಡು ಬೆಳೆದ ಜೀವಕ್ಕೆ ಗಂಜಿ ಕುಡಿಸಿ ಘಟ್ಟ ಹತ್ತು ಅಂದ್ರೆ ಹೆಂಗೆ ಹತ್ತೂದು?" ಎಂದು ಗೊಣಗುತ್ತಲೇ ಕೆಲಸಕ್ಕೆ ಇಳಿದ. ಕಮ್ಮಾರನ ಕೂಡೆ ಕೂತು ಪೀಪಾಯಿ ಮಾಡಿಸಿದ, ಅಲ್ಲಿಂದ ಎಂಜಿನ್ನಿನವರೆಗೆ ಬಸ್ಸಿನ ಹೊಟ್ಟೆಯಡಿ ಕೊಳವೆ ಎಳೆದ. ನಡುವೆ ಒಂದು ತಗಡಿನ ಪೆಟ್ಟಿಗೆ. ಗ್ಯಾಸಿನೊಳಗಿನ ಬೂದಿ, ಮಸಿ ಅಲ್ಲೇ ಉಳಿಯಲಿ ಎಂದು ಆ ಪೆಟ್ಟಿಗೆಗೆ ತೆಂಗಿನ ನಾರು ತುಂಬಬೇಕು. ಬೆಳಿಗ್ಗೆ ಕೆಂಡ ಮಾಡಿ, ಗಾಳಿಯಂತ್ರದ ಹಿಡಿಕೆ ತಿರುಗಿಸಿ ತಿರುಗಿಸಿ ರಟ್ಟೆ ಸೋತ ಮೇಲೆ ಎಂಜಿನ್ನು ಕೆಮ್ಮಿ ಏಳುತ್ತಿತ್ತು. ಅದರ ಜೊತೆ ಅವನೂ ಕೆಮ್ಮುತ್ತಿದ್ದ.

ನಾರು ಬರುತ್ತಿದ್ದುದು ಕೇಣಿಯಿಂದ, ಅವನ ಮಾವನ ಮನೆಯಿಂದ. ಕೇಣಿಯ ಹಳ್ಳದ ಉಪ್ಪುನೀರಿನಲ್ಲಿ ಸಿಪ್ಪೆ ಕೊಳೆಹಾಕಿ, ಬಡಿದು ತೆಗೆದ ನಾರು. ತವರಿಗೆ ಹೋದಾಗಲೆಲ್ಲ ಅವನ ಹೆಂಡತಿಯೂ ಬಡಿಯುತ್ತಿದ್ದಳು. ಮಾವನ ಮನೆಯಿಂದ ಬಂದದ್ದನ್ನು ಬೇಡ ಅನ್ನುವ ಅಳಿಯ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಮುದುಕನೋ, ಅಂಕೋಲೆ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಆ ಬಸ್ಸು ಓಡೂದು ಇದ್ಲಿನ್ ಮೇಲಲ್ಲ ಮಾರಾಯಾ, ನಮ್ ನಾರಿನ್ ಮೇಲೆ!"

ಬೇಸಿಗೆಯೆಲ್ಲ ಬಸ್ಸು ಹೇಗೋ ಓಡಿತು. ಆಮೇಲೆ ಪರವಾನಗಿ ಕೊಡುವ ಸರಕಾರಿ ಸಾಹೇಬರೊಬ್ಬರು ಪರೀಕ್ಷೆಗೆ ಬರುವುದೆಂದಾಯಿತು. ತುಂಬಿದ ಬಸ್ಸು, ಒಬ್ಬರನ್ನೂ ಇಳಿಸದೆ ಬಿಣಗಾ ಘಟ್ಟ ಹತ್ತಬೇಕು. ಹತ್ತದಿದ್ದರೆ ಇದ್ದಿಲ ಬಸ್ಸಿಗೆ ಪರವಾನಗಿ ಇಲ್ಲ.

"ಹತ್ಸಿದ್ರೆ ಸೀಟು ನಿಂದು, ಇಲ್ಲಾಂದ್ರೆ ನಾ ಬೇರೆ ಡ್ರೈವರ್ ನೋಡ್ತೆ" ಅಂದರು ಸಾವಕಾರರು. ಆ ಸೀಟು ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಇನ್ನೊಂದು ಜಾಗ ಇರಲಿಲ್ಲ.

ಬಸ್ಸು ತುಂಬಿಸಲು ಜನ ಬೇಕಲ್ಲ? ಡ್ರೈವರಣ್ಣ ಕೇಣಿಯಿಂದ ಹೆಂಡತಿಯ ಕಡೆಯವರನ್ನೆಲ್ಲ ಕರೆತಂದ. ಮದುವೆ ದಿಬ್ಬಣದಂತೆ ಬಂದರು. ಮಾವ ಕೆಂಪು ರುಮಾಲು ಸುತ್ತಿ, ಸಾಹೇಬರ ಹಿಂದಿನ ಸೀಟಿನಲ್ಲೇ ಕೂತ. ಮುಂಗಾರಿನ ಮೊದಲ ಮಳೆ, ಮಿರ್ಗದ ಮಳೆ, ಇನ್ನೇನು ಬೀಳಬೇಕು, ಮೋಡ ಕಟ್ಟಿ ಮೈಯೆಲ್ಲ ಅಂಟು. ಘಟ್ಟದ ಅರ್ಧಕ್ಕೆ ಎಂಜಿನ್ನು ಏದುಸಿರು ಬಿಟ್ಟಿತು, ನಡುಗಿತು, ನಿಂತಿತು.

ನಾನು ಹಾರಿ ಚಕ್ರಕ್ಕೆ ಕಲ್ಲು ಕೊಟ್ಟೆ. ಅವನು ಇಳಿದು ತಗಡಿನ ಪೆಟ್ಟಿಗೆ ತೆರೆದ. ನಾರು ತೊಪ್ಪೆಯಾಗಿತ್ತು. ಒಂದು ಹಿಡಿ ಹಿಂಡಿದ, ನೀರು ತೊಟ್ಟಿಕ್ಕಿತು. ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು ನನ್ನ ಮುಖ ನೋಡಿದ. ಅಡುಗೆಮನೆಯ ಉಪ್ಪಿನ ಭರಣಿ ಬೆವರುವ ಕಾಲ ಅದು. ನಾರಿನೊಳಗಿದ್ದ ಹಳ್ಳದ ಉಪ್ಪು ಗಾಳಿಯ ನೀರನ್ನೆಲ್ಲ ಕುಡಿದು ಗ್ಯಾಸಿನ ದಾರಿ ಕಟ್ಟಿತ್ತು. ಬೇಸಿಗೆಯಲ್ಲಿ ಅದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

ಮಾವ ಕಿಟಕಿಯಿಂದ ತಲೆ ಹಾಕಿದ. "ಎಂತಾ ಆಯ್ತೋ? ನಾರೇನ್ ಸಮಾ ಇದ್ಯಲ್ಲಾ?"

ಡ್ರೈವರಣ್ಣ ಪೆಟ್ಟಿಗೆಯ ಬಾಗಿಲು ಹಾಕಿದ. "ನಾರು ಬಂಗಾರ ಇದ್ದಂಗೆ ಇದೆ ಮಾವಾ. ನಾನೇ ಗೇರು ತಪ್ಪಿಸ್ದೆ."

ಸಾಹೇಬರ ಪಕ್ಕ ಕೂತಿದ್ದ ಸಾವಕಾರರು ಕೇಳಿಸಿಕೊಂಡರು. "ಅಂದ್ರೆ ಗಾಡಿ ಸಮಾ ಇದೆ, ಡ್ರೈವರ್ ಸಮಾ ಇಲ್ಲ?"

"ಹೌದು ಸಾವ್ಕಾರ್ರೇ."

ಸಾಹೇಬರು ಒಳ್ಳೆಯವರು. ಬೇರೆ ಡ್ರೈವರನನ್ನು ಕೂರಿಸಿ ಇನ್ನೊಮ್ಮೆ ತೋರಿಸಿ ಅಂದರು. ಕೇಣಿಯ ದಿಬ್ಬಣವೆಲ್ಲ ಇಳಿದು ಬಸ್ಸನ್ನು ಘಟ್ಟ ಹತ್ತಿಸಿತು. ಮಾವ ರುಮಾಲು ಬಿಚ್ಚಿ ಸೊಂಟಕ್ಕೆ ಕಟ್ಟಿ, ಎಲ್ಲರಿಗಿಂತ ಮುಂದೆ ನಿಂತು ನೂಕಿದ.

ಆ ಬೇರೆ ಡ್ರೈವರ ನಾನೇ. ಗಾಡಿ ಹೊಡೆಯುವುದನ್ನು ಅವನೇ ಕಲಿಸಿದ್ದ, ಲೈಸೆನ್ಸೂ ಮಾಡಿಸಿಕೊಟ್ಟಿದ್ದ. ಆ ಸಂಜೆ ನಾನು ಜಗಳಕ್ಕೇ ನಿಂತೆ.

"ನಿಜ ಹೇಳಾ ಅಣ್ಣಾ. ನೀ ಹೇಳೂದಿಲ್ಲಾಂದ್ರೆ ನಾ ಹೇಳ್ತೆ."

"ಹೇಳಿ? ಆ ಮುದುಕ ನಾಳೆ ಪೇಟೇಲಿ ಮುಖ ಎಲ್ಲಿ ಇಟ್ಕೊಳ್ಬೇಕು? ನನ್ ಹೆಂಡ್ತಿ ಬಡಿದ ನಾರು ಅದು. ಬಿಡು ತಮಾ, ನನಗೂ ಸಾಕಾಗಿದೆ. ನೀ ಹೊಡಿ."

ಸುಂಕಸಾಳದಿಂದ ಇದ್ದಿಲು ತರುವ ಗಾಡಿಯವರಿಗೆ ಹೇಳಿ, ಹೊಳೆಯ ಸಿಹಿನೀರಿನಲ್ಲಿ ಕೊಳೆಹಾಕಿದ ನಾರು ತರಿಸಿ ಪೆಟ್ಟಿಗೆಗೆ ತುಂಬಿದವನು ಅವನೇ. ಕೇಣಿಯ ನಾರನ್ನೂ ಬೇಡವೆನ್ನಲಿಲ್ಲ. ಅದು ಬಂದಷ್ಟೂ ಕಾಲ ಕೂತು ಹಗ್ಗ ಹೊಸೆದ. ಎರಡನೆಯ ಪರೀಕ್ಷೆಯಲ್ಲಿ ನಾನು ಘಟ್ಟ ಹತ್ತಿಸಿದೆ. ಸಾವಕಾರರು ನನ್ನ ಕೊರಳಿಗೆ ಹಾರ ಹಾಕಿದರು. ಆ ಹಾರದ ಕತೆಯನ್ನು ನಾನು ಕಾರವಾರದ ಪ್ರತಿ ಹೋಟೆಲಿನಲ್ಲೂ ಹೇಳಿ ಚಹಾ ಕುಡಿದಿದ್ದೇನೆ.

ಅವನಿಗೆ ಉಳಿದದ್ದು ಹಿಂದಿನ ಪೀಪಾಯಿ. ದಿನಾ ಬೆಳಿಗ್ಗೆ ಗಾಳಿಯಂತ್ರದ ಹಿಡಿಕೆ ತಿರುಗಿಸಿ, ನಾನು ಸೀಟು ಹತ್ತುವ ಹೊತ್ತಿಗೆ ಗ್ಯಾಸು ಸಿದ್ಧ ಮಾಡಿಡುತ್ತಿದ್ದ. "ಹೋಗು ತಮಾ, ಗಂಜಿ ಕುಡಿಸಿದ್ದೆ" ಅನ್ನುತ್ತಿದ್ದ. ಹೊಗೆ ಎದೆಯಲ್ಲಿ ಮನೆ ಮಾಡಿತು. ಕೆಮ್ಮು ಮೂಳೆಗೆ ಇಳಿಯಿತು. ಒಂದು ಮಳೆಗಾಲ ಹಾಸಿಗೆ ಹಿಡಿದ, ಮಳೆ ನಿಲ್ಲುವ ಮೊದಲೇ ಹೋದ.

ಅವನನ್ನು ಸುಟ್ಟು ಬಂದು ಅಂಗಳದಲ್ಲಿ ಕೂತಿದ್ದೆವು. ಮಾವ ನನ್ನ ಪಕ್ಕ ಬಂದು ಕುಕ್ಕರಿಸಿದ.

"ಅಳಿಯ ದೇವ್ರಂತಾ ಮನುಷ್ಯ" ಅಂದ. "ಗಾಡಿ ಹೊಡೂಕೆ ಮಾತ್ರ ಬರ್ತಿರ್ಲಿಲ್ಲ ಪಾಪ. ಅಲ್ವನಾ?"

ಕಾರವಾರದಿಂದ ಅಂಕೋಲೆಯವರೆಗೆ ಯಾರ ಮಾತಿಗೂ ಮರುಮಾತಿಲ್ಲದೆ ಬಿಟ್ಟವನಲ್ಲ ನಾನು.

"ಹೌದು ಅಜ್ಜಾ" ಅಂದೆ.