ಬಳೆಗಾರ್ತಿ ಹೇಳದ ಹೆಸರು

ಕುರುಗೋಡಿನಲ್ಲಿ ಮೂವತ್ತು ವರ್ಷದಿಂದ ಮನೆಮನೆಗೆ ಹೋಗಿ ಬಳೆ ತೊಡಿಸುವ ಹುಲಿಗೆಮ್ಮನಿಗೆ ಯಾರು ಬಸುರಿ ಎಂಬುದು ಊರಿಗಿಂತ ಮೊದಲೇ ಗೊತ್ತಾಗುತ್ತದೆ. ಹಸಿರು ಬಳೆಯ ಶಾಸ್ತ್ರಕ್ಕೆ ಮೊದಲು ಹೇಳಿಕಳಿಸುವುದು ಅವಳಿಗೇ. ಬಳ್ಳಾರಿ ಕೌಲ್ ಬಜಾರಿನ ತೊಟ್ಟಿಲ ವ್ಯಾಪಾರಿಗೆ ಅವಳು ಒಂದು ಹೆಸರನ್ನೂ ಹೇಳಿದವಳಲ್ಲ. ಅವನ ಜಾಹೀರಾತು ಚೀಟಿಗಳನ್ನು ತಾನೇ ಆ ಮನೆಗಳಿಗೆ ಮುಟ್ಟಿಸಿ ಕಮಿಷನ್ ತೆಗೆದುಕೊಳ್ಳುತ್ತಿದ್ದಳು, ಅಷ್ಟೇ.

ಮೊನ್ನೆ ಹುಲಿಗೆಮ್ಮ ತನ್ನ ಬಸುರಿ ಮಗಳು ಗಂಗೋತ್ರಿಯ ಫೋನಿನಲ್ಲಿ ತೊಟ್ಟಿಲ ಜಾಹೀರಾತು ಕಂಡು ಸಿಟ್ಟಾದಳು.

"ಈ ಫೋನಿನ್ಯಾಗಿನ ದೊಡ್ಡ ಕಂಪನಿಯೋರು ನಿನ್ನ ಸುದ್ದಿ ಮಾರ್ಕೊಂಡಾರ ನೋಡಲೇ."

"ಮಾರಂಗಿಲ್ಲಂತವ್ವ. ಹೆಸರು ತಮ್ಮ ಹತ್ರನ ಇಟ್ಕೊಂಡು ಅಂಗಡ್ಯಾರ ಜಾಹೀರಾತು ನಮಗ ಮುಟ್ಟಸ್ತಾರ, ರೊಕ್ಕ ತಗೋತಾರ. ನಿನ್ನಂಗ."

ಮರುದಿನ ಹುಲಿಗೆಮ್ಮ ಉಳಿದ ಚೀಟಿಗಳ ಕಟ್ಟನ್ನು ಬಳ್ಳಾರಿಗೆ ಒಯ್ದು ವ್ಯಾಪಾರಿಯ ಮುಂದಿಟ್ಟಳು.

"ಬಸುರ್ಯಾರು ನನ್ನ ಮುಂದ ಕೈ ಚಾಚೋದು ಬಳಿ ಇಡಿಸ್ಕೊಳ್ಳಾಕ್ರಿ, ಈ ಚೀಟಿಗಲ್ಲ."